ವಾರಾಂತ್ಯದ ಆ್ಯಪ್ ಕೆಲಸ: ಶಿವಮೊಗ್ಗದ ವಿದ್ಯಾರ್ಥಿಯ ಕೈಗೆ ಎಷ್ಟು ಉಳಿಯುತ್ತದೆ?

ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡು ಓದುವ ಹುಡುಗ ಹುಡುಗಿಯರಿಗೆ ತಿಂಗಳ ಇಪ್ಪತ್ತು ದಾಟಿದರೆ ಕೈ ಬಿಗಿಯಾಗುತ್ತದೆ. ಮೆಸ್ ಬಿಲ್ಲು, ರೀಚಾರ್ಜು, ಊರಿಗೆ ಹೋಗೋ ಬಸ್ ಚಾರ್ಜು, ಮಧ್ಯೆ ಪರೀಕ್ಷೆ ಫೀಸು. ಮನೆಯಲ್ಲಿ ಕೇಳಿದರೆ ಇಲ್ಲ ಅನ್ನುವುದಿಲ್ಲ. ಆದರೆ ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ಅಡಿಕೆ ಮಾರುವ ತನಕ ದುಡ್ಡು ಓಡಾಡುವುದು ಕಷ್ಟ ಅನ್ನುವುದು ಮಕ್ಕಳಿಗೂ ಗೊತ್ತು. ಹಾಗಾಗಿ ಶನಿವಾರ, ಭಾನುವಾರ ಏನಾದರೂ ದುಡಿಯೋಣ ಅಂತ ಮೊಬೈಲ್ ಹಿಡಿಯುತ್ತಾರೆ. ಹುಡುಕಿದ ಎರಡನೇ ದಿನದಿಂದ ಎಲ್ಲ ಕಡೆ ಅದೇ ಜಾಹೀರಾತು ಬರುತ್ತದೆ: ಪಾರ್ಟ್ ಟೈಮ್ ಕೆಲಸ, ದಿನಕ್ಕೆ ಸಾವಿರ, ಅನುಭವ ಬೇಡ.

ಯಾವ ಆ್ಯಪ್ ಒಳ್ಳೆಯದು ಎಂದು ತುಂಬಾ ಜನ ಕೇಳುತ್ತಾರೆ. ಅದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಎಲ್ಲ ಖರ್ಚು ಕಳೆದು ಗಂಟೆಗೆ ಕೈಗೆ ಎಷ್ಟು ಉಳಿಯುತ್ತದೆ? ಏನಾದರೂ ಹೆಚ್ಚುಕಮ್ಮಿಯಾದರೆ ಅದರ ಭಾರ ಯಾರ ತಲೆ ಮೇಲೆ? ಇವೆರಡಕ್ಕೆ ಉತ್ತರ ಸಿಕ್ಕಿದರೆ ಆ್ಯಪ್ ಆರಿಸುವುದು ದೊಡ್ಡ ವಿಷಯವೇ ಅಲ್ಲ.

ಮೊಬೈಲಿನಲ್ಲಿ ಕೆಲಸ ಸಿಗುವ ದಾರಿಗಳು ಹಲವು. ಸ್ವಿಗ್ಗಿ, ಜೊಮ್ಯಾಟೊ ಥರದವು ನೇರವಾಗಿ ಒಂದೊಂದೇ ಆರ್ಡರ್ ಕೊಟ್ಟು ಒಂದೊಂದಕ್ಕೇ ಹಣ ಲೆಕ್ಕ ಹಾಕುತ್ತವೆ. ಅಪ್ನಾ, ವರ್ಕ್‌ಇಂಡಿಯಾ ಥರದವುಗಳಲ್ಲಿ ಅಂಗಡಿಯವರು, ಕಂಪನಿಯವರು ಜಾಹೀರಾತು ಹಾಕುತ್ತಾರೆ, ನೀವು ಫೋನ್ ಮಾಡಿ ಮಾತಾಡಿಕೊಳ್ಳಬೇಕು. ಇಂಟರ್ನ್‌ಶಾಲಾದಲ್ಲಿ ಮನೆಯಿಂದಲೇ ಮಾಡುವ ಇಂಟರ್ನ್‌ಶಿಪ್‌ಗಳೂ ಸಿಗುತ್ತವೆ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಪೂರ್ತಿ ಉಚಿತ, ಆದರೆ ಅಲ್ಲಿರುವುದು ಹೆಚ್ಚಾಗಿ ಪೂರ್ಣಾವಧಿ ಕೆಲಸ. ಇವೆಲ್ಲದರ ಆಚೆ, ನಮ್ಮ ಕಡೆ ವಾರಾಂತ್ಯದ ಕೆಲಸ ನಿಜವಾಗಿ ಓಡಾಡುವುದು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಡೆಲಿವರಿ ಲೆಕ್ಕ

ಎಲ್ಲರ ಕಣ್ಣಿಗೆ ಬೀಳುವುದು ಡೆಲಿವರಿ ಕೆಲಸ. ಬೈಕ್, ಲೈಸೆನ್ಸ್, ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇದ್ದರೆ ಸೇರಿಕೊಳ್ಳುವುದು ಸುಲಭ. ಬೇಕಾದಾಗ ಲಾಗಿನ್, ಬೇಡದಾಗ ಲಾಗೌಟ್. ಓದುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ ಅನ್ನಿಸುತ್ತದೆ, ಅಲ್ವಾ?

ಒಪ್ಪಂದ ಓದಿದರೆ ವಿಷಯ ಗೊತ್ತಾಗುತ್ತದೆ. ಅದರ ಪ್ರಕಾರ ನೀವು ಕಂಪನಿಯ ನೌಕರರಲ್ಲ. ಸ್ವಂತ ಗಾಡಿ ಇಟ್ಟುಕೊಂಡು ಸ್ವಂತವಾಗಿ ದುಡಿಯುವವರು. ಹೋಟೆಲಿನ ಮುಂದೆ ಕಾಯುವ ಅರ್ಧ ಗಂಟೆ, ಪೆಟ್ರೋಲು, ಟಯರು, ಮಳೆಯಲ್ಲಿ ಕೆಟ್ಟುಹೋದ ಮೊಬೈಲು ಎಲ್ಲ ನಿಮ್ಮದೇ ಖರ್ಚು. ಆರ್ಡರ್ ಬರದ ಹೊತ್ತಿಗೆ ಹಣವಿಲ್ಲ. ಆ್ಯಪ್ ತೋರಿಸುವ ಅಂಕಿ ವ್ಯಾಪಾರದ ಲೆಕ್ಕ. ಸಂಬಳದ ಲೆಕ್ಕ ನೀವೇ ಹಾಕಿಕೊಳ್ಳಬೇಕು.

ಹಾಕಿ ನೋಡೋಣ. ಇಲ್ಲಿನ ಅಂಕಿಗಳು ಬರೀ ಉದಾಹರಣೆಗೆ. ಊರು, ಕಂಪನಿ, ವಾರ ಬದಲಾದ ಹಾಗೆ ದರವೂ ಬದಲಾಗುತ್ತದೆ. ನವುಲೆ ಕಡೆ ಇರುವ ಒಬ್ಬ ಹುಡುಗ ಶನಿವಾರ ಸಂಜೆ 6ಕ್ಕೆ ಲಾಗಿನ್ ಆಗಿ 10:30ಕ್ಕೆ ನಿಲ್ಲಿಸುತ್ತಾನೆ ಎಂದುಕೊಳ್ಳಿ. ದುರ್ಗಿಗುಡಿ, ನೆಹರೂ ರಸ್ತೆಯ ಹೋಟೆಲುಗಳಿಂದ ಗೋಪಾಳ, ವಿನೋಬನಗರಕ್ಕೆ 8 ಆರ್ಡರ್. ಒಂದಕ್ಕೆ 40 ರೂಪಾಯಿ ಅಂದರೆ 320. ಎಂಟು ಮುಗಿಸಿದ್ದಕ್ಕೆ ಇನ್ಸೆಂಟಿವ್ 80. ಆ್ಯಪಿನಲ್ಲಿ 400 ಅಂತ ಹಸಿರು ಅಕ್ಷರದಲ್ಲಿ ಕಾಣುತ್ತದೆ. ನಾಲ್ಕೂವರೆ ಗಂಟೆಗೆ ನಾನೂರು, ಪರವಾಗಿಲ್ಲ ಅನ್ನಿಸುತ್ತದೆ.

ಈಗ ಕಳೆಯೋಣ. ಹೋಟೆಲಿಗೆ ಹೋಗಿದ್ದು, ಮನೆಗೆ ಮುಟ್ಟಿಸಿದ್ದು, ಖಾಲಿ ವಾಪಸ್ ಬಂದಿದ್ದು, ರೂಮಿಂದ ಹೋಗಿ ಬಂದಿದ್ದು ಎಲ್ಲ ಸೇರಿ 60 ಕಿಲೋಮೀಟರ್ ಅಂದುಕೊಳ್ಳಿ. ಊರೊಳಗೆ ಗಾಡಿ ಲೀಟರಿಗೆ 40 ಕೊಟ್ಟರೆ ಒಂದೂವರೆ ಲೀಟರ್ ಪೆಟ್ರೋಲ್. ಲೀಟರಿಗೆ ನೂರು ಅಂತಲೇ ಹಿಡಿದರೂ 150 ರೂಪಾಯಿ ಹೋಯಿತು. ಆಯಿಲ್, ಟಯರ್, ಬ್ರೇಕ್, ಸರ್ವಿಸಿಗೆ ಕಿಲೋಮೀಟರಿಗೆ ಐವತ್ತು ಪೈಸೆ ಎತ್ತಿಡಿ, ಅದು 30. ಉಳಿದಿದ್ದು 220. ಹೋಗಿ ಬರುವ ಹೊತ್ತೂ ಸೇರಿದರೆ ಐದು ಗಂಟೆ. ಗಂಟೆಗೆ 44 ರೂಪಾಯಿ.

ಇನ್ನೊಂದು ಸೂಕ್ಷ್ಮ ಇದೆ. ಅದೇ ಹುಡುಗ ಏಳೇ ಆರ್ಡರ್ ಮಾಡಿ, ಎಂಟನೆಯದು ಬರಲೇ ಇಲ್ಲ ಅಂದುಕೊಳ್ಳಿ. 80 ರೂಪಾಯಿ ಇನ್ಸೆಂಟಿವ್ ಪೂರ್ತಿ ಹೋಯಿತು. ಓಡಾಟ ಕಮ್ಮಿಯಾಗಿ ಖರ್ಚು 160ಕ್ಕೆ ಇಳಿಯಿತು ಅಂತಲೇ ಹಿಡಿದು 280ರಲ್ಲಿ ಕಳೆದರೆ ಉಳಿಯುವುದು 120. ಗಂಟೆಗೆ 24. ಒಂದೇ ಒಂದು ಆರ್ಡರಿಗೆ ದುಡಿಮೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ರಾತ್ರಿ ಹತ್ತೂವರೆಗೆ ಹುಡುಗರು ರಸ್ತೆ ಬದಿ ಮೊಬೈಲ್ ನೋಡುತ್ತಾ ನಿಂತಿರುವುದು, ಕೊನೆ ಆರ್ಡರಿಗೆ ಸಿಗ್ನಲ್ ನೋಡದೆ ಓಡಿಸುವುದು ಇದೇ ಕಾರಣಕ್ಕೆ. ಗುರಿ ಮುಟ್ಟಿದರೆ ಮಾತ್ರ ಹಣ ಅನ್ನುವ ಏರ್ಪಾಡು ಮನುಷ್ಯನನ್ನು ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಅಂತ ಎಳೆಯುತ್ತಲೇ ಇರುತ್ತದೆ. ಸೋಮವಾರ ಬೆಳಗ್ಗೆ ಇಂಟರ್ನಲ್ಸ್ ಇರುವವರಿಗೆ ಇದು ಒಳ್ಳೆಯದಲ್ಲ. ಲಾಗಿನ್ ಆಗುವ ಮೊದಲೇ ಎಷ್ಟು ಗಂಟೆಗೆ ನಿಲ್ಲಿಸುತ್ತೇನೆ ಎಂದು ಗಟ್ಟಿ ಮಾಡಿಕೊಂಡು, ಆ ಹೊತ್ತಿಗೆ ಏನೇ ಆಗಲಿ ನಿಲ್ಲಿಸಿ.

ಹಾಗಂತ ಈ ಕೆಲಸ ಬೇಡವೇ ಬೇಡ ಅನ್ನುತ್ತಿಲ್ಲ. ಮಧ್ಯಾಹ್ನ 12:30ರಿಂದ 3, ರಾತ್ರಿ 7ರಿಂದ 10, ಈ ಎರಡು ಹೊತ್ತು ಬಿಟ್ಟು ಉಳಿದ ಹೊತ್ತಲ್ಲಿ ಸುಮ್ನೆ ಲಾಗಿನ್ ಆಗಿ ಕೂರಬೇಡಿ. ಎಲೆಕ್ಟ್ರಿಕ್ ಸ್ಕೂಟರ್ ಇದ್ದರೆ ಲೆಕ್ಕವೇ ಬೇರೆ. ಕರೆಂಟಿನ ಖರ್ಚು ಪೆಟ್ರೋಲಿನ ಖರ್ಚಿನ ಮುಂದೆ ತುಂಬಾ ಕಮ್ಮಿ. ಶಂಕರಘಟ್ಟದ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ ಇದ್ದುಕೊಂಡು ಶಿವಮೊಗ್ಗಕ್ಕೆ ಬಂದು ಡೆಲಿವರಿ ಮಾಡುತ್ತೇನೆ ಅಂದರೆ ಮಾತ್ರ ಯಾವ ಲೆಕ್ಕದಲ್ಲೂ ಗಿಟ್ಟುವುದಿಲ್ಲ.

ಯಾರೂ ಹೇಳದ ಇನ್ಶೂರೆನ್ಸ್ ವಿಷಯ

ನನಗೆ ನಿಜವಾಗಿ ಭಯವಾಗುವುದು ಇಲ್ಲಿ. ಹೆಚ್ಚಿನ ಹುಡುಗರು ಓಡಿಸುವುದು ಅಪ್ಪನ ಬೈಕು, ಬಿಳಿ ಬೋರ್ಡು. ಅದರ ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ. ವಾಹನವನ್ನು ಬಾಡಿಗೆಗೆ ಬಳಸಿದರೆ, ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸಿದರೆ ಈ ಪಾಲಿಸಿ ಅನ್ವಯಿಸುವುದಿಲ್ಲ ಎಂಬ ಸಾಲು ಅದರಲ್ಲಿ ಇರುತ್ತದೆ. ಡೆಲಿವರಿ ಮಾಡುವಾಗ ಗಾಡಿ ಬಿದ್ದರೆ ಇನ್ಶೂರೆನ್ಸ್ ಕಂಪನಿ ಆ ಸಾಲನ್ನೇ ಹಿಡಿದು ಕೂರಬಹುದು. ಡೆಲಿವರಿ ಕಂಪನಿಗಳು ತಮ್ಮವರಿಗೆ ಅಪಘಾತ ವಿಮೆ ಇಟ್ಟಿರುತ್ತವೆ. ಆದರೆ ಅದು ಸಾಮಾನ್ಯವಾಗಿ ಲಾಗಿನ್ ಆಗಿದ್ದಾಗ, ಆರ್ಡರ್ ಮೇಲಿದ್ದಾಗ ಮಾತ್ರ. ರಾತ್ರಿ ಲಾಗೌಟ್ ಮಾಡಿ ರೂಮಿಗೆ ಹೊರಟ ಮೇಲೆ ಏನಾದರೂ ಆದರೆ? ಸೇರುವ ಮುಂಚೆ ಇದನ್ನೇ ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇನ್ನೊಬ್ಬರ ಐಡಿಯಲ್ಲಿ ಓಡಿಸುವುದಂತೂ ಬೇಡವೇ ಬೇಡ. ಹದಿನೆಂಟು ತುಂಬದ ಪಿಯುಸಿ ಹುಡುಗರು, ಲೈಸೆನ್ಸ್ ಇಲ್ಲದವರು ಸೀನಿಯರ್ ಹೆಸರಿನ ಐಡಿ ತೆಗೆದುಕೊಂಡು ವಾರಕ್ಕಿಷ್ಟು ಅಂತ ಕೊಡುತ್ತಾರೆ. ಬಿದ್ದರೆ ವಿಮೆ ಆ ಸೀನಿಯರ್ ಹೆಸರಲ್ಲಿರುತ್ತದೆ, ಪೆಟ್ಟು ಇವನಿಗೆ ಆಗಿರುತ್ತದೆ. ಹದಿನಾರು ತುಂಬಿದವರಿಗೆ ಕಾನೂನು ಕೊಡುವ ಲೈಸೆನ್ಸ್ 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ಅಪ್ಪನ ಬೈಕಿಗೆ ಅದು ನಡೆಯುವುದಿಲ್ಲ. ಅಪ್ರಾಪ್ತರು ಓಡಿಸಿ ಅಪಘಾತವಾದರೆ ಕೇಸು ಗಾಡಿ ಕೊಟ್ಟ ಅಪ್ಪನ ಮೇಲೂ ಬರುತ್ತದೆ.

ಮಲೆನಾಡಿನ ಮಳೆಯಲ್ಲಿ ಈ ಮಾತು ಇನ್ನೂ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಜೋರು ಮಳೆ ಬಂದಾಗ ಆರ್ಡರ್ ಜಾಸ್ತಿ, ಹಣವೂ ಸ್ವಲ್ಪ ಜಾಸ್ತಿ. ರಸ್ತೆಯ ಗುಂಡಿ ನೀರಿನಲ್ಲಿ ಮುಚ್ಚಿಹೋಗುವುದೂ ಆಗಲೇ. ಹತ್ತು ಇಪ್ಪತ್ತು ರೂಪಾಯಿ ಹೆಚ್ಚಿಗೆ ಸಿಗುತ್ತದೆ ಅಂತ ಆ ಹೊತ್ತಲ್ಲಿ ಹೊರಡಬೇಡಿ.

ವಾಟ್ಸ್‌ಆ್ಯಪ್ ಗ್ರೂಪಿನ ಕೆಲಸ

ಈಗ ನಮ್ಮ ಕಡೆಯ ನಿಜವಾದ ವಾರಾಂತ್ಯದ ಮಾರುಕಟ್ಟೆಗೆ ಬರೋಣ. ಮದುವೆ ಸೀಸನ್ನಿನಲ್ಲಿ ಶುಕ್ರವಾರ ಸಂಜೆ ಹೀಗೊಂದು ಮೆಸೇಜ್ ಬರುತ್ತದೆ: "ಭಾನುವಾರಕ್ಕೆ 15 ಹುಡುಗ್ರು ಬೇಕು. ಬೆಳಗ್ಗೆ 6ಕ್ಕೆ ಬಸ್ ಸ್ಟ್ಯಾಂಡ್ ಹತ್ರ ಗಾಡಿ ಇರುತ್ತೆ. ಬಿಳಿ ಶರ್ಟ್, ಕಪ್ಪು ಪ್ಯಾಂಟ್. ಬರೋರು ಹೆಸರು ಹಾಕಿ." ಅರ್ಧ ಗಂಟೆಯಲ್ಲಿ ಹದಿನೈದು ಹೆಸರು ತುಂಬಿರುತ್ತದೆ. ಕೇಟರಿಂಗ್ ಕಂಟ್ರಾಕ್ಟರ್ ಪರವಾಗಿ ಒಬ್ಬ ಹುಡುಗರನ್ನು ಕೂಡಿಸುತ್ತಾನೆ. ಅವನಿಗೂ ತಲೆಗಿಷ್ಟು ಅಂತ ಸಿಗುವುದುಂಟು.

ಕೆಲಸ ಬಡಿಸುವುದು. ಎಲೆ ಹಾಕಿ, ನೀರಿಟ್ಟು, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯದಿಂದ ಶುರುವಾಗಿ ಮಜ್ಜಿಗೆಯವರೆಗೆ. ಒಂದು ಪಂಕ್ತಿ ಏಳುವಷ್ಟರಲ್ಲಿ ಮುಂದಿನವರು ಕುರ್ಚಿ ಹಿಂದೆ ನಿಂತಿರುತ್ತಾರೆ. ಸಾರಿನ ಬಕೆಟ್ ಹಿಡಿದು ನಾಲ್ಕು ಪಂಕ್ತಿ ಮುಗಿಸಿದರೆ ತೋಳು ಸೆಟೆದುಕೊಂಡಿರುತ್ತದೆ. ಕಷ್ಟದ ಕೆಲಸವೇ. ಆದರೂ ನನ್ನ ಪ್ರಕಾರ ಓದುವವರಿಗೆ ಇದು ಡೆಲಿವರಿಗಿಂತ ವಾಸಿ. ಪೆಟ್ರೋಲ್ ಖರ್ಚಿಲ್ಲ, ಊಟ ಅಲ್ಲೇ, ಕೂಲಿ ಎಷ್ಟು ಅನ್ನುವುದು ಹೊರಡುವ ಮೊದಲೇ ಗೊತ್ತಿರುತ್ತದೆ, ಕೆಲಸ ಮುಗಿಯುವ ಹೊತ್ತೂ ಹೆಚ್ಚುಕಡಿಮೆ ಗೊತ್ತಿರುತ್ತದೆ.

ಅಡ್ಡಿ ಬರುವುದು ಮಾತು ಸ್ಪಷ್ಟವಿಲ್ಲದಾಗ. ಹೆಸರು ಹಾಕುವ ಮೊದಲು ಗ್ರೂಪಿನಲ್ಲೇ ಕೇಳಿ: ಕೂಲಿ ಒಂದು ಹೊತ್ತಿಗೋ, ಇಡೀ ದಿನಕ್ಕೋ? ಪಾತ್ರೆ ತುಂಬಿಸಿ ಲೋಡ್ ಮಾಡುವುದೂ ಅದರಲ್ಲೇ ಸೇರಿದೆಯೋ? ರಿಪ್ಪನ್‌ಪೇಟೆಯಲ್ಲೋ ಸಾಗರದಲ್ಲೋ ರಿಸೆಪ್ಷನ್ ಮುಗಿದ ಮೇಲೆ ವಾಪಸ್ ಶಿವಮೊಗ್ಗಕ್ಕೆ ತಂದು ಬಿಡುವವರು ಯಾರು? ಹಣ ಅವತ್ತೇ ಕೈಗೋ, ವಾರ ಬಿಟ್ಟೋ? ಫೋನಿನಲ್ಲಿ ಮಾತಾಡಿದ್ದರೂ "ನೀವು ಹೇಳಿದ ಹಾಗೆ ಇಷ್ಟು ಹಣ, ಇಷ್ಟು ಹೊತ್ತು" ಅಂತ ಒಂದು ಮೆಸೇಜ್ ಹಾಕಿ ಇಡಿ. ಆಮೇಲೆ ಜಗಳ ಬಂದರೆ ತೋರಿಸೋಕೆ ಇರುವುದು ಅದೊಂದೇ. ಹುಡುಗಿಯರು ಸ್ವಾಗತಕ್ಕೆ, ತಾಂಬೂಲ ಕೊಡುವುದಕ್ಕೆ ಹೋಗುವಾಗ ಗೊತ್ತಿರುವ ಇನ್ನೊಬ್ಬರ ಜೊತೆಯಲ್ಲೇ ಹೋಗಿ, ಲೈವ್ ಲೊಕೇಶನ್ ಮನೆಗೆ ಹಾಕಿಡಿ. ಹಾಸ್ಟೆಲ್ ಗೇಟು ಮುಚ್ಚುವ ಹೊತ್ತಿಗೆ ಬರಲು ಆಗದ ಕೆಲಸವನ್ನು ಒಪ್ಪಿಕೊಳ್ಳಲೇಬೇಡಿ.

ಈ ಮಾರುಕಟ್ಟೆಗೆ ಪಂಚಾಂಗವೇ ಕ್ಯಾಲೆಂಡರ್. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಆಗ ಗ್ರೂಪು ಸುಮ್ಮನಾಗುತ್ತದೆ. ಆದರೆ ಧನುರ್ಮಾಸ ಬರುವ ಹೊತ್ತಿಗೆ ಊರ ಕಡೆ ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ. ಸುಲಿಯುವ ಯಂತ್ರಗಳು ಎಷ್ಟು ಬಂದರೂ ಮೆಟ್ಟುಗತ್ತಿ ಹಿಡಿದು ಸುಲಿಯುವವರಿಗೆ ಕೆಲಸ ಇದ್ದೇ ಇದೆ. ಕೂಲಿ ಸುಲಿದ ಅಳತೆಯ ಮೇಲೆ, ಕೈ ಚುರುಕಿದ್ದವರಿಗೆ ಜಾಸ್ತಿ. ವಾರಾಂತ್ಯಕ್ಕೆ ಊರಿಗೆ ಹೋಗುವ ಮಕ್ಕಳು ಅಪ್ಪ ಅಮ್ಮನ ಜೊತೆ ಕೂತು ಒಂದು ಸಂಜೆ ಸುಲಿದು ಬಸ್ ಚಾರ್ಜು, ಮೆಸ್ಸಿನ ದುಡ್ಡು ದುಡಿದುಕೊಂಡು ಬರುತ್ತಾರೆ.

ಹೋಮ್‌ಸ್ಟೇಗಳದ್ದು ಇನ್ನೊಂದು ದಾರಿ. ಜೋಗ, ಆಗುಂಬೆ, ಸಿಗಂದೂರು ಕಡೆ ಪ್ರವಾಸಿಗರು ಬರುವುದೇ ಶನಿವಾರ, ಭಾನುವಾರ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಲಾಂಚಿಗೆ ಕಾಯುವ ಕೆಲಸವಿಲ್ಲ. ಹೋಮ್‌ಸ್ಟೇಯಲ್ಲಿ ಬುಕಿಂಗ್ ಫೋನು ನೋಡುವುದು, ಇನ್‌ಸ್ಟಾಗ್ರಾಮ್ ಪೇಜಿಗೆ ಫೋಟೊ ಹಾಕುವುದು, ಬಂದವರಿಗೆ ತೋಟ ತೋರಿಸುವುದು, ಇಂಥ ಕೆಲಸಗಳಿಗೆ ಊರಿನವರೇ ಬೇಕು. ಇವು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಅವರ ಪೇಜಿಗೇ ಮೆಸೇಜ್ ಹಾಕಿ ಕೇಳಬೇಕು.

ಮನೆಯಲ್ಲೇ ಕೂತು ಮಾಡುವುದಾದರೆ ಟ್ಯೂಷನ್ ಎಲ್ಲಕ್ಕಿಂತ ಒಳ್ಳೆಯದು ಎಂದು ನನ್ನ ಅನಿಸಿಕೆ. ಓದಿದ್ದು ಮರೆಯುವುದಿಲ್ಲ, ಹಣವೂ ಬರುತ್ತದೆ. ಕನ್ನಡ ಚೆನ್ನಾಗಿ ಬಲ್ಲವರಿಗೆ ಕಂಪ್ಯೂಟರಿಗೆ ಭಾಷೆ ಕಲಿಸುವ ಕೆಲಸಗಳೂ ಬರುತ್ತಿವೆ: ವಾಕ್ಯ ಓದಿ ಧ್ವನಿ ರೆಕಾರ್ಡ್ ಮಾಡುವುದು, ಅನುವಾದ ಸರಿಯಿದೆಯೇ ನೋಡುವುದು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಇಂಥ ಕೆಲಸ ಮಾಡಿಸಿ ಕನ್ನಡದವರಿಗೆ ಹಣ ಕೊಟ್ಟಿದೆ. ಇದು ಪ್ರತಿ ವಾರ ಇರುವುದಿಲ್ಲ, ಬಂದಾಗ ಮಾಡಬೇಕು. ಪಾಯಿಂಟ್ ಕೊಡುವ ಸರ್ವೆ ಆ್ಯಪುಗಳಿಗೆ ಹೊತ್ತು ಹಾಳು ಮಾಡಬೇಡಿ.

ಮೋಸ ಯಾವ ರೂಪದಲ್ಲಿ ಬರುತ್ತದೆ

ಒಂದೇ ಒಂದು ನಿಯಮ ಗಟ್ಟಿಯಾಗಿ ಹಿಡಿದುಕೊಂಡರೆ ಮುಕ್ಕಾಲು ಪಾಲು ಮೋಸ ಹತ್ತಿರ ಸುಳಿಯುವುದಿಲ್ಲ. ಕೆಲಸ ಕೊಡುವವರು ನಿಮಗೆ ಹಣ ಕೊಡಬೇಕು, ನೀವು ಅವರಿಗೆ ಕೊಡುವ ಹಾಗಿಲ್ಲ. ಡೆಲಿವರಿ ಕಂಪನಿಗಳು ಟೀ ಶರ್ಟ್, ಬ್ಯಾಗಿಗೆ ಹಣ ಹಿಡಿಯುವುದುಂಟು, ಅದು ಅಧಿಕೃತ ಆ್ಯಪಿನೊಳಗೇ ಕಾಣುತ್ತದೆ. ಅದು ಬಿಟ್ಟು ರಿಜಿಸ್ಟ್ರೇಷನ್ ಫೀಸು, ಸೆಕ್ಯೂರಿಟಿ ಡಿಪಾಸಿಟ್ಟು, ಲ್ಯಾಪ್‌ಟಾಪ್ ಕಳಿಸುವ ಚಾರ್ಜು ಅಂತ ಯಾರೇ ಕೇಳಿದರೂ ಮಾತು ಅಲ್ಲಿಗೇ ಮುಗಿಸಿ.

ಟೆಲಿಗ್ರಾಮಿನ ಟಾಸ್ಕ್ ಕೆಲಸ ತುಂಬಾ ಜನರನ್ನು ಮುಳುಗಿಸಿದೆ. ವಿಡಿಯೋಗೆ ಲೈಕ್ ಒತ್ತಿ, ಹೋಟೆಲಿಗೆ ಸ್ಟಾರ್ ಕೊಡಿ ಅನ್ನುತ್ತಾರೆ. ಮೊದಲ ದಿನ ನೂರೈವತ್ತು ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ನಂಬಿಕೆ ಹುಟ್ಟಿಸಲು ಅಷ್ಟು ಸಾಕು. ಆಮೇಲೆ ಸಾವಿರ ಹಾಕಿದರೆ ಸಾವಿರದ ಮುನ್ನೂರು ಅಂತ ಶುರು. ಗ್ರೂಪಿನಲ್ಲಿ ಉಳಿದವರೆಲ್ಲ ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ, ಅವರೂ ಮೋಸಗಾರರ ಕಡೆಯವರೇ. ಹಣ ತೆಗೆಯಲು ಹೋದಾಗ ಟ್ಯಾಕ್ಸ್ ಕಟ್ಟಿ ಅನ್ನುತ್ತಾರೆ. ಡೇಟಾ ಎಂಟ್ರಿಯದ್ದು ಬೇರೆ ಥರ. ಅಗ್ರಿಮೆಂಟಿಗೆ ಸಹಿ ಹಾಕಿಸಿಕೊಂಡು, ಟೈಪ್ ಮಾಡಿದ್ದರಲ್ಲಿ ತಪ್ಪಿದೆ, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟಿಗೆ ಎಳೆಯುತ್ತೇವೆ ಎಂದು ವಕೀಲರ ಹೆಸರಿನಲ್ಲಿ ನೋಟಿಸ್ ಕಳಿಸುತ್ತಾರೆ. ಹೆದರಿ ಕಟ್ಟಬೇಡಿ.

ಇವೆಲ್ಲಕ್ಕಿಂತ ಅಪಾಯದ್ದು ಬ್ಯಾಂಕ್ ಖಾತೆ ಬಾಡಿಗೆಗೆ ಕೇಳುವುದು. "ನಿನ್ನ ಅಕೌಂಟಿಗೆ ಹಣ ಬರುತ್ತೆ, ಬೇರೆ ಕಡೆ ಕಳಿಸು, ಕಮಿಷನ್ ಇಟ್ಕೋ" ಅಂತ ಕಾಲೇಜು ಹುಡುಗರನ್ನೇ ಹುಡುಕಿಕೊಂಡು ಬರುತ್ತಾರೆ. ಆ ಹಣ ಇನ್ನೊಬ್ಬರಿಂದ ದೋಚಿದ್ದು. ಪೊಲೀಸರು ಹಿಡಿಯುವ ಮೊದಲ ಎಳೆ ನಿಮ್ಮ ಹೆಸರು. ಖಾತೆ ಫ್ರೀಜ್ ಆಗುತ್ತದೆ, ಬರಬೇಕಾದ ಸ್ಕಾಲರ್‌ಶಿಪ್ಪೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ, ಕೇಸೂ ಬೀಳಬಹುದು. ಹಣ ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಹಣ ಮುಂದಕ್ಕೆ ಹೋಗದ ಹಾಗೆ ತಡೆಯುವುದು ಅಷ್ಟು ಸುಲಭ.

ಕಾನೂನು, ತೆರಿಗೆ

ನೀತಿ ಆಯೋಗ 2022ರಲ್ಲಿ ಕೊಟ್ಟ ವರದಿಯ ಪ್ರಕಾರ 2020-21ರಲ್ಲಿ ದೇಶದಲ್ಲಿ ಸುಮಾರು 77 ಲಕ್ಷ ಗಿಗ್ ಕೆಲಸಗಾರರಿದ್ದರು, ಅಂದರೆ ಸಂಬಳದ ನೌಕರಿಯಿಲ್ಲದೆ ಒಂದೊಂದು ಕೆಲಸಕ್ಕೆ ಹಣ ಪಡೆಯುವವರು. 2029-30ರ ಹೊತ್ತಿಗೆ ಅದು 2.35 ಕೋಟಿ ಆಗಬಹುದು ಎಂದು ಅಂದಾಜು. ಇಷ್ಟು ಜನರಿಗೆ ಕಾನೂನಿನ ನೆರಳು ಸಿಗಲು ತಡವಾಯಿತು. ಕರ್ನಾಟಕ 2025ರಲ್ಲಿ ಗಿಗ್ ಕೆಲಸಗಾರರಿಗೆಂದೇ ಕಾಯ್ದೆ ತಂದಿತು. ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು, ಅದು ಕೆಲಸಗಾರರ ಕಲ್ಯಾಣ ನಿಧಿಗೆ ಹೋಗುತ್ತದೆ. ಐಡಿ ಬ್ಲಾಕ್ ಮಾಡಿ ಕೆಲಸದಿಂದ ತೆಗೆಯುವುದಾದರೆ ಸಾಮಾನ್ಯವಾಗಿ 14 ದಿನ ಮೊದಲು ಕಾರಣ ಹೇಳಿ ನೋಟಿಸ್ ಕೊಡಬೇಕು. ಬೆಳಗ್ಗೆ ಎದ್ದು ನೋಡಿದರೆ ಆ್ಯಪ್ ತೆರೆಯುತ್ತಿಲ್ಲ ಅನ್ನುವ ಪರಿಸ್ಥಿತಿಗೆ ಇದು ಉತ್ತರ. ಹಾಗೇನಾದರೂ ಆದರೆ ಕೇಳುವ ಹಕ್ಕು ನಿಮಗಿದೆ.

ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಕರಡು ನಿಯಮಗಳಲ್ಲಿ ಸೌಲಭ್ಯಕ್ಕೆ ವರ್ಷದಲ್ಲಿ ಒಂದೇ ಕಂಪನಿಗೆ ಕನಿಷ್ಠ 90 ದಿನ ದುಡಿದಿರಬೇಕು ಎಂಬ ಷರತ್ತು ಇತ್ತು. ವರ್ಷಪೂರ್ತಿ ಎಲ್ಲ ಶನಿವಾರ, ಭಾನುವಾರ ಲೆಕ್ಕ ಹಾಕಿದರೆ 104 ದಿನ. ಪರೀಕ್ಷೆ, ಹಬ್ಬ ಕಳೆದರೆ ವಿದ್ಯಾರ್ಥಿ ಆ ಗೆರೆಯ ಆಚೀಚೆ ನಿಲ್ಲುತ್ತಾನೆ. ಹಾಗಾಗಿ ದುಡಿದ ದಿನಗಳ ಲೆಕ್ಕ ನಿಮ್ಮ ಹತ್ತಿರವೂ ಇರಲಿ, ವಾರದ ಪೇಔಟ್ ಸ್ಕ್ರೀನ್‌ಶಾಟ್ ತೆಗೆದಿಡಿ. ಅಸಂಘಟಿತ ಕೆಲಸಗಾರರಿಗಾಗಿ ಇರುವ ಕೇಂದ್ರ ಸರ್ಕಾರದ ಇ-ಶ್ರಮ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ, ಅದಕ್ಕೆ ಹಣ ಕೊಡಬೇಕಿಲ್ಲ. ಡೆಲಿವರಿ ಮಾಡುವವರಿಗೆ ರಾಜ್ಯ ಸರ್ಕಾರ 2023ರಲ್ಲಿ ತಂದ ವಿಮೆ ಯೋಜನೆಯೂ ಇದೆ. ಅಪಘಾತದಲ್ಲಿ ಪ್ರಾಣ ಹೋದರೆ ಕುಟುಂಬಕ್ಕೆ ಒಟ್ಟು 4 ಲಕ್ಷ, ಪ್ರೀಮಿಯಂ ಸರ್ಕಾರದ್ದೇ. ಅದಕ್ಕೂ ಇ-ಶ್ರಮ್ ನೋಂದಣಿ ಬೇಕು.

ಕೊನೆಗೆ ತೆರಿಗೆ. ಕೆಲವು ಕಂಪನಿಗಳು ಹಣ ಕೊಡುವಾಗಲೇ ಟಿಡಿಎಸ್, ಅಂದರೆ ಮುಂಗಡ ತೆರಿಗೆ ಅಂತ ಒಂದು ಪಾಲು ಹಿಡಿಯುತ್ತವೆ. ಪ್ಯಾನ್ ಕೊಡದಿದ್ದರೆ ಶೇಕಡಾ 20ರವರೆಗೂ ಹಿಡಿಯಬಹುದು. ವಾರಾಂತ್ಯದ ದುಡಿಮೆಯಲ್ಲಿ ತೆರಿಗೆ ಕಟ್ಟುವಷ್ಟು ಆದಾಯ ಯಾರಿಗೂ ಆಗುವುದಿಲ್ಲ, ಹಾಗಾಗಿ ಹಿಡಿದಿದ್ದು ನಿಮ್ಮದೇ ಹಣ. ವರ್ಷ ಮುಗಿದ ಮೇಲೆ ಆದಾಯ ತೆರಿಗೆ ಪೋರ್ಟಲಿನಲ್ಲಿ ಪ್ಯಾನ್ ಹಾಕಿ ಲಾಗಿನ್ ಆದರೆ ಯಾರು ಎಷ್ಟು ಹಿಡಿದಿದ್ದಾರೆ ಎಂದು ಕಾಣುತ್ತದೆ. ರಿಟರ್ನ್ ಸಲ್ಲಿಸಿದರೆ ಅದು ಖಾತೆಗೆ ವಾಪಸ್ ಬರುತ್ತದೆ. ಕೊನೆ ದಿನ ಯಾವುದು ಎಂದು ಪೋರ್ಟಲಿನಲ್ಲೇ ನೋಡಿಕೊಳ್ಳಿ.